ಏಳನೇ ವರ್ಷ ಹೊಲಕ್ಕೂ ರಜೆಯೇ?

ಪ್ರಶ್ನೆ: ವಾರಕ್ಕೊಂದು ದಿನ ಮನುಷ್ಯರಿಗೆ ಬಿಡುವು ಇರುವಂತೆ ಏಳು ವರ್ಷಕ್ಕೊಮ್ಮೆ ಜಮೀನಿಗೂ ಬಿಡುವು ಕೊಡಬೇಕೆಂದು ಬೈಬಲಿನಲ್ಲಿದೆ ಎಂದು ಕೇಳಿದೆ. ಇದು ನಿಜವೇ? ಈಗಲೂ ಯಾರಾದರೂ ಪಾಲಿಸುತ್ತಾರೆಯೇ? ಬೇಸಾಯವೇ ಇಲ್ಲದ ನನ್ನಂಥವರಿಗೆ ಇದರಿಂದ ಏನು ಪ್ರಯೋಜನ? (ಓದುಗರೊಬ್ಬರು, ಧಾರವಾಡ)

ಉತ್ತರ: ನೀವು ಕೇಳಿರುವುದು ನಿಜ. ಇದು ಯಾಜಕಕಾಂಡದ 25ನೇ ಅಧ್ಯಾಯದಲ್ಲೂ ವಿಮೋಚನಕಾಂಡದಲ್ಲೂ ಇದೆ. ಆರು ವರ್ಷ ಬಿತ್ತಿ ಬೆಳೆದ ಮೇಲೆ ಏಳನೇ ವರ್ಷ ಬಿತ್ತುವಂತಿಲ್ಲ, ದ್ರಾಕ್ಷಿ ಬಳ್ಳಿ ಸವರುವಂತಿಲ್ಲ. ತಾನಾಗಿ ಬೆಳೆದದ್ದನ್ನು ಒಡೆಯ ತನ್ನದೆಂದು ಕೊಯ್ದು ಕಣಜಕ್ಕೆ ತುಂಬುವಂತಿಲ್ಲ. ಅದು ಒಡೆಯನಿಗೆ, ಆಳಿಗೆ, ಕೂಲಿಯವನಿಗೆ, ಪರದೇಶಿಗೆ, ದನಕರುಗಳಿಗೆ, ಕೊನೆಗೆ ಕಾಡುಪ್ರಾಣಿಗಳಿಗೂ ಸಮಾನವಾಗಿ ಸಲ್ಲಬೇಕು. ಹೀಬ್ರೂ ಭಾಷೆಯಲ್ಲಿ ಈ ವರ್ಷಕ್ಕೆ ಶ್ಮಿತಾ ಎಂದು ಹೆಸರು.

ಇಲ್ಲಿ ಒಂದು ಗೊಂದಲ ಸಹಜವಾಗಿ ಹುಟ್ಟುತ್ತದೆ. ನಮ್ಮಲ್ಲೂ ಹೊಲವನ್ನು ಬೀಳು ಬಿಡುತ್ತಾರೆ, ಮಣ್ಣು ಚೇತರಿಸಿಕೊಳ್ಳಲಿ ಎಂದು. ಇದೂ ಅದೇ ಅಲ್ಲವೇ ಎಂದು ನೀವು ಕೇಳಬಹುದು. 12ನೇ ಶತಮಾನದ ದೊಡ್ಡ ಯೆಹೂದಿ ಪಂಡಿತ ಮೈಮೋನಿಡೀಸ್ ಕೂಡ ಕಾರಣಗಳಲ್ಲಿ ಇದನ್ನೂ ಒಂದಾಗಿ ಹೇಳಿದ್ದಾನೆ. ಆದರೆ ಮಣ್ಣಿನ ಸಾರವಷ್ಟೇ ಉದ್ದೇಶವಾಗಿದ್ದರೆ ಈ ವರ್ಷ ಈ ಹೊಲ, ಬರುವ ವರ್ಷ ಆ ಹೊಲ ಎಂದು ಸರದಿ ಮಾಡಿದ್ದರೆ ಸಾಕಿತ್ತು. ಯಾಜಕಕಾಂಡದ ಪ್ರಕಾರ ಇಡೀ ನಾಡು ಒಂದೇ ವರ್ಷ ನೇಗಿಲು ಕೆಳಗಿಡಬೇಕು. ಅದಕ್ಕೆ ಕಾರಣವೂ ಅಲ್ಲಿಯೇ ಇದೆ: ಭೂಮಿ ದೇವರದು, ಉಳುವವರು ಅಲ್ಲಿ ಪ್ರವಾಸಿಗಳಂತೆ ಇದ್ದುಹೋಗುವವರು. ಆರು ವರ್ಷ ತನ್ನದೆಂದು ಉತ್ತವನು ಏಳನೇ ವರ್ಷ ತಾನು ಗೇಣಿದಾರ ಎಂದು ಒಪ್ಪಿಕೊಳ್ಳುತ್ತಾನೆ. ಕನ್ನಡ ಬೈಬಲಿನಲ್ಲಿ ಬರುವ ಮನೆವಾರ್ತೆಯವನು, ಅಂದರೆ ಒಡೆಯನ ಆಸ್ತಿಯನ್ನು ನೋಡಿಕೊಂಡು ಲೆಕ್ಕ ಒಪ್ಪಿಸುವವನು, ಇದೇ ಜಾತಿಗೆ ಸೇರಿದವನು. ಬಿಡುವು ಮತ್ತು ಹೊಣೆ ಎರಡೂ ಒಂದೇ ನಿಯಮದಲ್ಲಿ ಕೂಡಿವೆ ಎಂಬುದನ್ನು ಗಮನಿಸಿ.

ಈಗಲೂ ಪಾಲಿಸುತ್ತಾರೆಯೇ? ಪಾಲಿಸುತ್ತಾರೆ, ಇಸ್ರೇಲಿನಲ್ಲಿ. ಈ ನಿಯಮ ಅನ್ವಯಿಸುವುದು ಆ ನೆಲಕ್ಕೆ ಮಾತ್ರ. ಹಾಗಾಗಿ ಬೇರೆ ದೇಶಗಳಲ್ಲಿರುವ ಯೆಹೂದಿ ರೈತರಿಗೆ ಇದರ ಕಟ್ಟಳೆಯಿಲ್ಲ. ಹಿಂದಿನ ಶ್ಮಿತಾ 2021ರ ಸೆಪ್ಟೆಂಬರಿನಿಂದ 2022ರ ಸೆಪ್ಟೆಂಬರಿನವರೆಗೆ ನಡೆಯಿತು. ಆದರೆ ವರ್ಷಪೂರ್ತಿ ಒಂದು ದೇಶ ಏನು ತಿನ್ನಬೇಕು? ಇದೇ ಪ್ರಶ್ನೆಯನ್ನು ಯಾಜಕಕಾಂಡವೂ ಎತ್ತುತ್ತದೆ. ಆರನೇ ವರ್ಷದ ಫಸಲು ಮೂರು ವರ್ಷಕ್ಕಾಗುವಷ್ಟು ಬರುವುದೆಂದು ಭರವಸೆ ಕೊಡುತ್ತದೆ. ಆದರೆ ಸಾಲ ಮಾಡಿ ಜಮೀನು ಕೊಂಡ ಬಡ ರೈತನಿಗೆ ಆ ಭರವಸೆಯನ್ನು ನೆಚ್ಚುವುದು ಸುಲಭವಲ್ಲ. 1888–89ರ ಶ್ಮಿತಾ ಬಂದಾಗ ಪ್ಯಾಲೆಸ್ತೀನಿನಲ್ಲಿ ಹೊಸದಾಗಿ ನೆಲೆಯೂರಿದ್ದ ಯೆಹೂದಿ ರೈತರು ಹಾಳಾಗುತ್ತೇವೆಂದು ಹೆದರಿದರು. ಆಗ ಕೆಲವು ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ಜಮೀನನ್ನು ಆ ಅವಧಿಗೆ ಯೆಹೂದಿಯಲ್ಲದವರಿಗೆ ಮಾರಿ ಬೇಸಾಯ ಮುಂದುವರಿಸಲು ಅನುಮತಿ ಕೊಟ್ಟರು. ಜಾಫಾದ ರಬ್ಬಿಯಾಗಿದ್ದ ಅಬ್ರಹಾಂ ಐಸಾಕ್ ಕೂಕ್ 1909–10ರಲ್ಲಿ ಅದನ್ನು ಬೆಂಬಲಿಸಿದರು. ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಇನ್ನೊಂದು ವ್ಯವಸ್ಥೆಯಲ್ಲಿ ಧಾರ್ಮಿಕ ನ್ಯಾಯಾಲಯವೇ ಹಣ್ಣು ಕೀಳಿಸಿ ಹಂಚುತ್ತದೆ. ರೈತ ಅದರ ಕೆಲಸಗಾರನಾಗುತ್ತಾನೆ. ಕೊಳ್ಳುವವರು ತೆರುವುದು ದುಡಿಮೆ ಮತ್ತು ಸಾಗಣೆಯ ವೆಚ್ಚವನ್ನೇ ಹೊರತು ಹಣ್ಣಿನ ಬೆಲೆಯನ್ನಲ್ಲ. ಆ ವರ್ಷದ ಫಲ ಪವಿತ್ರವಾದ್ದರಿಂದ ಸಿಪ್ಪೆ, ಉಳಿಕೆಗಳನ್ನೂ ಕಸಕ್ಕೆ ಎಸೆಯದೆ ಬೇರೆಯಾಗಿಟ್ಟು ಕೆಟ್ಟ ಮೇಲೆ ವಿಲೇವಾರಿ ಮಾಡುವ ಮನೆಗಳಿವೆ.

ಏಳನೇ ವರ್ಷ ಸಾಲಗಳೂ ರದ್ದಾಗಬೇಕು. ಇದು ಧರ್ಮೋಪದೇಶಕಾಂಡದ 15ನೇ ಅಧ್ಯಾಯದಲ್ಲಿದೆ. ರದ್ದಾಗುವ ವರ್ಷ ಹತ್ತಿರ ಬಂದಂತೆ ಉಳ್ಳವರು ಬಡವರಿಗೆ ಸಾಲ ಕೊಡುವುದನ್ನೇ ನಿಲ್ಲಿಸಿದರು. ಹೆರೋದ ರಾಜನ ಕಾಲದ ಯೆಹೂದಿ ಗುರು ಹಿಲ್ಲೆಲ್ ಇದಕ್ಕೆ ಉಪಾಯ ಕಂಡುಹಿಡಿದ: ಸಾಲಪತ್ರವನ್ನು ನ್ಯಾಯಾಲಯಕ್ಕೆ ಒಪ್ಪಿಸಿದರೆ ಸಾಲ ರದ್ದಾಗುವುದಿಲ್ಲ. ಇವೆಲ್ಲ ಕಾನೂನಿನ ಸಂದಿಯಲ್ಲಿ ನುಸುಳುವ ದಾರಿಗಳು ಎಂದು ನಿಮಗನ್ನಿಸಿದರೆ ತಪ್ಪಲ್ಲ. ನನಗೆ ಮಾತ್ರ ಹಿಲ್ಲೆಲ್‌ನ ಲೆಕ್ಕ ಸರಿ ಎನ್ನಿಸುತ್ತದೆ. ಬಡವನ ಒಳಿತಿಗೆಂದು ಹುಟ್ಟಿದ ನಿಯಮ ಬಡವನಿಗೇ ಸಾಲ ಸಿಗದಂತೆ ಮಾಡುತ್ತಿದ್ದರೆ ಅದನ್ನು ನೋಡಿಯೂ ಸುಮ್ಮನಿರುವುದು ಹೇಗೆ?

ಇನ್ನು ನಿಮ್ಮ ಮೂರನೇ ಪ್ರಶ್ನೆ, ಬೇಸಾಯವಿಲ್ಲದವರಿಗೆ ಇದರಿಂದೇನು ಎಂಬುದು. ವಾರದ ಬಿಡುವಿನ ದಿನವಾದ ಸಬ್ಬತ್ತಿನ ಆಜ್ಞೆಯಲ್ಲಿ ಯಾರು ಯಾರಿಗೆ ಬಿಡುವು ಎಂಬ ಪಟ್ಟಿಯೇ ಇದೆ: ನೀನು, ನಿನ್ನ ಮಕ್ಕಳು, ಆಳುಗಳು, ಎತ್ತು ಕತ್ತೆಗಳು, ನಿನ್ನ ಊರಲ್ಲಿರುವ ಅನ್ಯದೇಶದವನು. ಧರ್ಮೋಪದೇಶಕಾಂಡ ಕೊಡುವ ಕಾರಣ, ನೀವೂ ಐಗುಪ್ತದಲ್ಲಿ ದಾಸರಾಗಿದ್ದಿರಿ ಎಂಬುದು. ನಮ್ಮ ಎಷ್ಟೋ ಊರುಗಳಲ್ಲಿ ಸೋಮವಾರ ಬಸವಣ್ಣನ ವಾರವೆಂದು ಎತ್ತಿಗೆ ನೊಗ ಹೂಡದ ರೂಢಿಯಿದೆಯಲ್ಲ, ಅದರ ಹತ್ತಿರದ ಭಾವನೆ ಇದು. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಬೇಕೆಂದು ಕಾರ್ಮಿಕ ಮುಖಂಡ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಒತ್ತಾಯಿಸಿದರು, 1890ರಲ್ಲಿ ಮಾಲೀಕರು ಒಪ್ಪಿದರು. ಭಾನುವಾರ ಖಂಡೋಬನ, ಅಂದರೆ ನಮ್ಮ ಮೈಲಾರಲಿಂಗನ ವಾರ ಎಂಬುದೂ ಆ ಬೇಡಿಕೆಯ ಹಿಂದಿತ್ತು ಎನ್ನುತ್ತಾರೆ.

ಹೀಗೆ ನೋಡಿದರೆ, ಫೋನು ಆರಿಸಿ ಮಲಗಿದ ಮಾತ್ರಕ್ಕೆ ಸಬ್ಬತ್ ಆಗುವುದಿಲ್ಲ. ನಿಮ್ಮ ರಜೆಯ ದಿನವೇ ಮನೆಗೆಲಸದಾಕೆ ಹೆಚ್ಚು ಪಾತ್ರೆ ತೊಳೆಯುತ್ತಾಳೆಯೇ, ಹತ್ತು ನಿಮಿಷದಲ್ಲಿ ಸಾಮಾನು ತರುವ ಹುಡುಗ ನಿಮಗಾಗಿ ನಾಲ್ಕು ಸಲ ಓಡುತ್ತಾನೆಯೇ ನೋಡಿ. ಆಕೆಗೆ ಸಂಬಳ ಕಡಿಯದ ವಾರದ ರಜೆ ಕೊಡುವುದು, ಅಂದಿನ ಅಡುಗೆಗೆ ಬೇಕಾದುದನ್ನು ಹಿಂದಿನ ದಿನವೇ ತಂದಿಡುವುದು, ಡ್ರೈವರನಿಗೆ ಕೊಟ್ಟ ಕೈಗಡದಲ್ಲಿ ಉಳಿದ ಕಂತುಗಳನ್ನು ಒಂದು ವರ್ಷ ಬಿಟ್ಟುಬಿಡುವುದು, ಇವೆಲ್ಲ ಹೊಲವಿಲ್ಲದವರೂ ಮಾಡಬಹುದಾದದ್ದು. ಕ್ರೈಸ್ತರಲ್ಲಿ ಹೆಚ್ಚಿನವರು ಶ್ಮಿತಾವನ್ನು ಕಡ್ಡಾಯ ವಿಧಿಯೆಂದು ಎಣಿಸುವುದಿಲ್ಲ. ಆದ್ದರಿಂದ ಎಷ್ಟು ತೆಗೆದುಕೊಳ್ಳಬೇಕೆಂಬುದು ನಿಮಗೆ ಬಿಟ್ಟದ್ದು. ಮೂಲವನ್ನು ಓದುವ ಮನಸ್ಸಿದ್ದರೆ ಯಾಜಕಕಾಂಡದ 25ನೇ ಅಧ್ಯಾಯದಿಂದ ತೊಡಗಿ. ಮುಂದಿನ ಶ್ಮಿತಾ 2028ರ ಸೆಪ್ಟೆಂಬರಿನಲ್ಲಿ ಶುರುವಾಗುತ್ತದೆ. ಅಷ್ಟರಲ್ಲಿ ಈ ಜಗಳಗಳೆಲ್ಲ ಮತ್ತೆ ಸುದ್ದಿಯಾಗುತ್ತವೆ.