ಕಟ್ಟಿಗೆ ಸ್ಟ್ಯಾಂಡ್ ಮಾಡಿಸುವವರು ಗಮನಿಸಿ: ಮಾಡಬೇಕಾದ್ದು, ಮಾಡಬಾರದ್ದು

ಸಿದ್ದಾಪುರ, ಕಾರಟಗಿ, ಗಂಗಾವತಿ ಭಾಗದ ಮನೆಗಳಿಗೆ ಗ್ಯಾಸ್ ಬಂದಿದೆ. ಆದರೂ ಬಚ್ಚಲ ಒಲೆಗೆ, ರೊಟ್ಟಿ ಹಂಚಿಗೆ, ಮದುವೆ-ಹಬ್ಬದ ದೊಡ್ಡ ಅಡುಗೆಗೆ ಕಟ್ಟಿಗೆ ಬೇಕೇ ಬೇಕು. ಮೃಗಶಿರಾ ಮಳೆ ಹಿಡಿಯುವ ಮೊದಲು ಕಟ್ಟಿಗೆ ಸ್ಟ್ಯಾಂಡ್ ಕೊಳ್ಳುವವರು, ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವವರು ಇದನ್ನು ಓದಿ.

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಭತ್ತ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಗದ್ದೆಗೆ ನೀರು ಬಿಟ್ಟು ಬಿಲ ತುಂಬಿತೆಂದರೆ ಎರಡೂ ಒಣ ಜಾಗ ಹುಡುಕಿಕೊಂಡು ಊರ ಕಡೆ ಬರುತ್ತವೆ. ನೆಲದ ಮೇಲೆ ಒಟ್ಟಿದ ಕಟ್ಟಿಗೆಯ ಸಂದಿ ಅವಕ್ಕೆ ಸಿದ್ಧ ಮನೆ. ಹಾಗಾಗಿ ಸ್ಟ್ಯಾಂಡ್ ಆರಿಸುವಾಗ ಮೊದಲು ತಳ ನೋಡಿ. ಬೆಲೆ, ಬಣ್ಣ ಆಮೇಲೆ.

ಮಾಡಬೇಕಾದ್ದು

ಕೆಳಗಿನ ಸಾಲು ನೆಲದಿಂದ ಒಂದೂವರೆ ಅಡಿ ಮೇಲಿರಲಿ. ಬಾಗಿ ಬ್ಯಾಟರಿ ಬಿಟ್ಟರೆ ಹಿಂದಿನ ಗೋಡೆಯ ಬುಡದವರೆಗೆ ಬೆಳಕು ಹೋಗಬೇಕು, ಕಸಬರಿಗೆ ಒಳಗೆ ಆಡಬೇಕು. ಅಂಗಡಿಯವರು ಅರ್ಧ ಅಡಿಯ ಕಾಲು ಸಾಕು ಅನ್ನುತ್ತಾರೆ. ಒಪ್ಪಬೇಡಿ. ಅರ್ಧ ಅಡಿಯ ಸಂದಿಯಲ್ಲಿ ಕಸ ಸೇರುತ್ತದೆ, ಕತ್ತಲೆ ಉಳಿಯುತ್ತದೆ, ಯಾರೂ ಗುಡಿಸುವುದಿಲ್ಲ.

ಕಾಲು ಕಬ್ಬಿಣದ್ದಿರಲಿ, ಇಲ್ಲವೇ ಕಲ್ಲಿನದ್ದಿರಲಿ. ಮರದ ಕಾಲಾದರೆ ಗೆದ್ದಲು ಒಳಗಿಂದೊಳಗೇ ಹತ್ತಿಬಿಡುತ್ತದೆ, ಮೇಲಿನ ಸಾಲು ಟೊಳ್ಳಾಗುವವರೆಗೆ ಗೊತ್ತೇ ಆಗುವುದಿಲ್ಲ. ಕಬ್ಬಿಣವನ್ನಾಗಲಿ ಕಲ್ಲನ್ನಾಗಲಿ ಅದು ಕೊರೆಯಲಾರದು. ಹತ್ತಬೇಕಾದರೆ ಹೊರಮೈ ಮೇಲೆ ಬೆರಳಗಲದ ಮಣ್ಣಿನ ಗೆರೆ ಕಟ್ಟಿಕೊಂಡೇ ಹತ್ತಬೇಕು. ಆ ಗೆರೆ ಕಣ್ಣಿಗೆ ಬೀಳುತ್ತದೆ. ವಾರಕ್ಕೊಮ್ಮೆ ನಾಲ್ಕೂ ಕಾಲು ನೋಡಿ, ಗೆರೆ ಕಂಡರೆ ಕೆರೆದು ಹಾಕಿ. ಕಬ್ಬಿಣದ ಕಾಲು ಮಣ್ಣಲ್ಲಿ ಹೂಳಬೇಡಿ, ಅಡಿಗೆ ಒಂದೊಂದು ಫರಸಿ ತುಂಡು ಕೊಡಿ.

ತೂಕ ಲೆಕ್ಕ ಹಾಕಿಯೇ ಮಾಡಿಸಿ. ಐದು ಅಡಿ ಉದ್ದ, ನಾಲ್ಕು ಅಡಿ ಎತ್ತರ, ಒಂದೂವರೆ ಅಡಿ ಅಗಲದ ಸ್ಟ್ಯಾಂಡಿನಲ್ಲಿ ತಳದ ಒಂದೂವರೆ ಅಡಿ ಬಿಟ್ಟು ತುಂಬ ಒಣ ಜಾಲಿ ಒಟ್ಟಿದರೆ ಎರಡು ಕ್ವಿಂಟಲ್ ದಾಟುತ್ತದೆ. ಹಸಿಯದಾದರೆ ಇನ್ನೂ ಹೆಚ್ಚು. ತೆಳು ಪೈಪಿನ ಸ್ಟ್ಯಾಂಡ್ ಇಷ್ಟು ಭಾರ ತಾಳುವುದಿಲ್ಲ. ದಪ್ಪ ಆ್ಯಂಗಲ್ ಹಾಕಿಸಿ, ಹಿಂಬದಿಗೆ ಮೂಲೆಯಿಂದ ಮೂಲೆಗೆ ಒಂದು ಪಟ್ಟಿ ಬೆಸೆಸಿ. ಖಾಲಿ ಸ್ಟ್ಯಾಂಡನ್ನು ಅಂಗಡಿಯಲ್ಲೇ ಎರಡೂ ಕೈಯಿಂದ ಹಿಡಿದು ಅಲುಗಾಡಿಸಿ ನೋಡಿ. ಖಾಲಿ ಇದ್ದಾಗಲೇ ಓಲಾಡುವುದು ಬೇಡವೇ ಬೇಡ.

ಎತ್ತರ ಎದೆಮಟ್ಟಕ್ಕೆ ಸಾಕು. ಮನೆಯಲ್ಲಿ ದಿನವೂ ಕಟ್ಟಿಗೆ ತೆಗೆಯುವವರು ಯಾರೋ ಅವರ ಎದೆಮಟ್ಟ ಅಳೆಯಿರಿ. ಹೆಚ್ಚಿನ ಮನೆಗಳಲ್ಲಿ ಅವರು ಅವ್ವ ಅಥವಾ ಸೊಸೆ. ಅಳತೆ ಕೊಡಲು ಅಂಗಡಿಗೆ ಹೋಗುವವರು ಗಂಡಸರು. ಕೇಳಿಕೊಂಡೇ ಹೋಗಿ.

ಗೋಡೆಗೂ ಸ್ಟ್ಯಾಂಡಿಗೂ ನಡುವೆ ಒಂದು ಗೇಣು ಬಿಡಿ. ಮಳೆಗಾಲದಲ್ಲಿ ಗಾಳಿ ಹೆಚ್ಚಾಗಿ ಪಡುವಣದಿಂದ ಬೀಸುತ್ತದೆ, ಬೆನ್ನು ಆ ಕಡೆಗಿರಲಿ. ಮೇಲೆ ತಗಡು ಹಾಕಿ, ಮುಂದಕ್ಕೆ ಒಂದು ಅಡಿ ಚಾಚಲಿ. ಎರಡು ಪಕ್ಕ, ಮುಂಭಾಗ ಬಯಲಾಗಿರಲಿ. ಹಸಿ ಕಟ್ಟಿಗೆಯ ತೂಕದಲ್ಲಿ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ನೀರೇ ಇರುತ್ತದೆ. ಅದು ನೂರಕ್ಕೆ 20ರ ಕೆಳಗೆ ಇಳಿದ ಮೇಲೆಯೇ ಒಲೆ ಸರಿಯಾಗಿ ಉರಿಯುವುದು, ಇಳಿಸುವುದು ಗಾಳಿ. ಒಣಗಿದ ಜಾಲಿಯ ತುದಿಯಲ್ಲಿ ಸೀಳು ಬಿಟ್ಟಿರುತ್ತದೆ, ಎರಡು ತುಂಡು ತಾಕಿಸಿದರೆ ಠಣ್ಣೆನ್ನುತ್ತದೆ. ಸಪ್ಪಳ ಮಂದವಾದರೆ ಇನ್ನೂ ಹಸಿ. ಹಸಿ ಕಟ್ಟಿಗೆಯ ಹೊಗೆ ನೇರ ಒಲೆ ಮುಂದೆ ಕುಳಿತವರ ಕಣ್ಣಿಗೆ, ಎದೆಗೆ ಹೋಗುತ್ತದೆ.

ಕುಳ್ಳಿಗೆ ಬೇರೆ ಖಾನೆ ಮಾಡಿಸಿ, ಮೇಲುಗಡೆ. ಜಾಲಿಯ ಮುಳ್ಳು ಸವರಿದ ಮೇಲೆಯೇ ಒಟ್ಟಿ.

ಮಾಡಬಾರದ್ದು

ಕತ್ತಲಲ್ಲಿ ಬರಿಗೈ ಹಾಕಬೇಡಿ. ಬೆಳಗಿನ ಬಚ್ಚಲ ಒಲೆಗೆ ಬೇಕಾದ ಕಟ್ಟಿಗೆಯನ್ನು ಹಿಂದಿನ ದಿನ ಹೊತ್ತು ಮುಳುಗುವ ಮೊದಲೇ ತೆಗೆದಿಡಿ. ತಪ್ಪಿ ಕತ್ತಲಲ್ಲಿ ಹೋಗಲೇಬೇಕಾದರೆ ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಬ್ಯಾಟರಿ ಇರಲಿ. ಕೋಲಿನಿಂದ ನಾಲ್ಕು ಸಲ ಬಡಿದು, ಮೇಲಿನ ಸಾಲಿನಿಂದ ಒಂದೊಂದಾಗಿ ತೆಗೆಯಿರಿ. ನಡುವಿನಿಂದ ಎಳೆಯಕೂಡದು.

ಸ್ಟ್ಯಾಂಡಿನ ಹತ್ತಿರ ನೆಲದ ಮೇಲೆ ಹಾಸಿಕೊಂಡು ಮಲಗಬೇಡಿ. ಕಟ್ಟುಹಾವು ರಾತ್ರಿ ಓಡಾಡುವ ಹಾವು. ನಿದ್ದೆಯಲ್ಲಿದ್ದವರನ್ನೇ ಹೆಚ್ಚಾಗಿ ಕಚ್ಚುತ್ತದೆ. ಕಚ್ಚಿದ ಜಾಗದಲ್ಲಿ ನೋವು, ಬಾವು ಅಷ್ಟಾಗಿ ಇರುವುದಿಲ್ಲ. ಹೊಟ್ಟೆ ನೋಯುತ್ತದೆ, ರೆಪ್ಪೆ ಜೋತು ಬೀಳುತ್ತವೆ, ಮಾತು ತೊದಲುತ್ತದೆ. ಗ್ಯಾಸ್ಟ್ರಿಕ್ ಎಂದು ಸುಮ್ಮನೆ ಮಲಗಿಸಬೇಡಿ. ಹಾವು ಕಚ್ಚಿದ ಅನುಮಾನ ಬಂದರೂ 108ಕ್ಕೆ ಫೋನ್ ಮಾಡಿ, ಕೈಕಾಲು ಅಲುಗಾಡದಂತೆ ನೋಡಿಕೊಂಡು ಆಸ್ಪತ್ರೆಗೆ ಒಯ್ಯಿರಿ. ಬಿಗಿದು ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು, ಮಂತ್ರಕ್ಕೆಂದು ಕರೆದೊಯ್ಯುವುದು ಯಾವುದೂ ಕೂಡದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ಔಷಧಿ ಒಂದೇ. ಹಾವನ್ನು ಹಿಡಿದು ತೋರಿಸುವ ಅಗತ್ಯವಿಲ್ಲ, ಅದರ ಹಿಂದೆ ಓಡಿ ಹೊತ್ತು ಕಳೆಯಬೇಡಿ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿದೆ. ಆಸ್ಪತ್ರೆಯವರು ವಿವರ ಕೇಳಿದರೆ ಮುಚ್ಚಿಡದೆ ಹೇಳಿ.

ತಳದಲ್ಲಿ ಕೋಳಿ ಗೂಡು ಇಡಬೇಡಿ, ಕಾಳಿನ ಚೀಲ ತಳ್ಳಬೇಡಿ. ಒಂದೂವರೆ ಅಡಿ ಖಾಲಿ ಜಾಗ ಕಂಡರೆ ಮನೆಯವರಿಗೆ ಏನಾದರೂ ಇಡುವ ಮನಸ್ಸಾಗುತ್ತದೆ. ಅದು ಖಾಲಿಯೇ ಇರಬೇಕು.

ತಾಡಪತ್ರಿಯಿಂದ ನೆಲದವರೆಗೆ ಸುತ್ತಬೇಡಿ. ಒಳಗೆ ಬೆವೆತು ಕಟ್ಟಿಗೆಗೆ ಬೂಸ್ಟು ಹಿಡಿಯುತ್ತದೆ.

ಒಲೆಯ ಮೇಲಿನ ಅಟ್ಟದಲ್ಲಿ, ಗ್ಯಾಸ್ ಸಿಲಿಂಡರ್ ಪಕ್ಕದಲ್ಲಿ, ಕರೆಂಟ್ ಮೀಟರಿನ ಕೆಳಗೆ ಸ್ಟ್ಯಾಂಡ್ ನಿಲ್ಲಿಸಕೂಡದು. ಒಲೆಯ ಬೂದಿಯನ್ನು ಅದರ ಹತ್ತಿರ ಸುರಿಯಕೂಡದು. ಮೇಲೆ ತಣ್ಣಗಾದಂತೆ ಕಂಡರೂ ಬೂದಿಯೊಳಗೆ ಕೆಂಡ ಮರುದಿನದವರೆಗೂ ಇರಬಹುದು.

ಗೆದ್ದಲಿನ ಔಷಧಿಯನ್ನು ಕಟ್ಟಿಗೆಗೆ ಹೊಡೆಯಬೇಡಿ. ಅದೇ ಕಟ್ಟಿಗೆ ನಾಳೆ ರೊಟ್ಟಿ ಹಂಚಿನ ಕೆಳಗೆ ಉರಿಯುತ್ತದೆ.

ಆಡು, ಕರುವನ್ನು ಸ್ಟ್ಯಾಂಡಿಗೆ ಕಟ್ಟಬೇಡಿ. ಮಕ್ಕಳನ್ನು ಹತ್ತಗೊಡಬೇಡಿ.

ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ, ಅಲ್ಲಿಂದ ಹತ್ತಿ ಕಟ್ಟಿಗೆ ತರಿಸುವವರಿಗೆ ಇನ್ನೊಂದು ಮಾತು. ಹತ್ತಿ ಕಟ್ಟಿಗೆಯನ್ನು ಮುಂಗಾರಿನವರೆಗೆ ಸ್ಟ್ಯಾಂಡಿನಲ್ಲಿ ಉಳಿಸಬೇಡಿ. ಅದರಲ್ಲಿ ಉಳಿದ ಒಣ ಕಾಯಿಯೊಳಗೆ ಗುಲಾಬಿ ಕಾಯಿಕೊರಕದ ಹುಳು ಬೇಸಿಗೆ ಕಳೆದು, ಮುಂದಿನ ಹತ್ತಿಗೆ ಪತಂಗವಾಗಿ ಹಾರುತ್ತದೆ. ಮೊದಲು ಹತ್ತಿ ಕಟ್ಟಿಗೆ ಉರಿಸಿ ಮುಗಿಸಿ, ಜಾಲಿಯನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ. ಬಿತ್ತನೆಯ ಹೊತ್ತಿಗೂ ಮಿಕ್ಕಿದ್ದರೆ ಒಣ ಕಾಯಿಗಳನ್ನೆಲ್ಲ ಕಿತ್ತು ಒಲೆಗೆ ಹಾಕಿ.