ನಿಧಾನಗತಿಯಲ್ಲಿ ಓಡದ ಹಳೆಯ ಪವರ್ ಸ್ಪ್ರೇಯರ್: ದೋಷ ಪತ್ತೆ ಮತ್ತು ದುರಸ್ತಿ

ಕಲಬುರಗಿ ಜಿಲ್ಲೆಯು ತೊಗರಿಯ ಕಣಜವೆಂದು ಹೆಸರಾಗಿದೆ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಮುಂಗಾರಿನಲ್ಲಿ ಬಿತ್ತಿದ ಈ ಬೆಳೆ ಹೂವಾಡಿ ಕಾಯಿ ಕಟ್ಟುವ ಕಾಲಕ್ಕೆ ಕಾಯಿಕೊರಕದ ಬಾಧೆ ಹೆಚ್ಚು. ಮರಿಹುಳು ಚಿಕ್ಕದಿರುವಾಗಲೇ ಸಿಂಪರಣೆ ಆಗಬೇಕು. ಬಲಿತು ಕಾಯಿಯೊಳಗೆ ತಲೆ ತೂರಿಸಿದ ಹುಳುವಿಗೆ ಔಷಧಿ ಸರಿಯಾಗಿ ತಗಲುವುದಿಲ್ಲ. ಇಂಥ ನಾಲ್ಕು ದಿನಗಳಲ್ಲಿ ಯಂತ್ರ ಕೈಕೊಟ್ಟರೆ ವರ್ಷದ ದುಡಿಮೆಗೇ ಕುತ್ತು.

"ಸಾಹೇಬರೇ, ಜೋರು ಮಾಡಿದರೆ ಓಡುತ್ತದೆ, ಸನ್ನೆ ಬಿಟ್ಟರೆ ಬಂದ್ ಆಗುತ್ತದೆ" ಎಂಬುದು ಹಳೆಯ ಯಂತ್ರಗಳ ಬಗ್ಗೆ ರೈತರ ಸಾಮಾನ್ಯ ದೂರು. ಕಮಲಾಪುರದ ಕಡೆ ಒಬ್ಬ ರೈತರು ಸನ್ನೆಗೆ ದಾರ ಕಟ್ಟಿ ದಿನವಿಡೀ ಜೋರಾಗಿಯೇ ಓಡಿಸುತ್ತಿದ್ದುದನ್ನು ನಾನು ಕಂಡಿದ್ದೇನೆ. ಇದು ದುರಸ್ತಿಯಲ್ಲ, ದೋಷವನ್ನು ಮುಚ್ಚಿಡುವುದು. ಎಂಜಿನ್ ಏಕೆ ಹೀಗೆ ಮಾಡುತ್ತದೆಂದು ತಿಳಿದರೆ ಬಹುಪಾಲು ದೋಷಗಳನ್ನು ಮನೆಯಲ್ಲಿಯೇ ಸರಿಪಡಿಸಬಹುದು.

ಕಾರಣವೇನು?

ಪವರ್ ಸ್ಪ್ರೇಯರಿನದು ಎರಡು ಹೊಡೆತದ ಎಂಜಿನ್. ಕರಾವಳಿಯ ದೋಣಿಗಳಿಗೆ ಕಟ್ಟುವ ಹಳೆಯ ಔಟ್‌ಬೋರ್ಡ್ ಎಂಜಿನ್‌ಗಳೂ ಹೆಚ್ಚಾಗಿ ಇದೇ ಜಾತಿಯವು. ಅವುಗಳ ರೋಗವೂ ಇದೇ. ಸನ್ನೆ ಎತ್ತಿದಾಗ ಗಾಳಿ ರಭಸದಿಂದ ಹರಿದು ಕಾರ್ಬ್ಯುರೇಟರಿನ ದೊಡ್ಡ ಜೆಟ್‌ನಿಂದ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಸನ್ನೆ ಇಳಿಸಿದಾಗ ಗಾಳಿ ಕಡಿಮೆಯಾಗಿ ದೊಡ್ಡ ಜೆಟ್ ಕೆಲಸ ಮಾಡುವುದಿಲ್ಲ. ಆಗ ಕೂದಲೆಳೆಯಷ್ಟು ಸಣ್ಣದಾದ ಪೈಲಟ್ ರಂಧ್ರದಿಂದಲೇ ಪೆಟ್ರೋಲ್ ಬರಬೇಕು. ಒಂದು ಕಣ ಕಸ ಸಾಕು, ಅದು ಮುಚ್ಚಿಹೋಗುತ್ತದೆ. ಹಾಗೆಯೇ ಗ್ಯಾಸ್ಕೆಟ್ಟಿನ ಸಣ್ಣ ಬಿರುಕಿನಿಂದ ನುಸುಳುವ ಗಾಳಿ ಜೋರಿನ ಓಟದಲ್ಲಿ ಲೆಕ್ಕಕ್ಕಿಲ್ಲ. ನಿಧಾನದ ಓಟದಲ್ಲಿ ಅದೇ ಎಂಜಿನನ್ನು ನಿಲ್ಲಿಸುತ್ತದೆ.

ಮೊದಲು ಎಚ್ಚರಿಕೆ

ಔಷಧಿ ಟ್ಯಾಂಕನ್ನು ಖಾಲಿ ಮಾಡಿ, ಕೈಗವಸು ಧರಿಸಿ, ಇಡೀ ಯಂತ್ರವನ್ನು ಸಾಬೂನು ನೀರಿನಿಂದ ಒರೆಸಬೇಕು. ಜೆಟ್ಟನ್ನು ಬಾಯಿಂದ ಊದುವ ಮತ್ತು ನಳಿಕೆಯಿಂದ ಪೆಟ್ರೋಲ್ ಹೀರುವ ರೂಢಿಯನ್ನು ಕೂಡಲೇ ಬಿಡಬೇಕು. ಯಂತ್ರದ ಮೈಗೆ ಅಂಟಿದ ಕೀಟನಾಶಕವು ನೇರವಾಗಿ ಬಾಯಿಗೆ ಹೋಗುತ್ತದೆ. ಊದಲು ಸೈಕಲ್ ಪಂಪು ಸಾಕು. ಬಿಸಿ ಎಂಜಿನ್ನಿಗೆ ಪೆಟ್ರೋಲ್ ಸುರಿಯಬಾರದು.

ಪರೀಕ್ಷೆಯ ಕ್ರಮ

1. ಪೆಟ್ರೋಲ್: ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಅರ್ಧ ಗಂಟೆ ಬಿಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ಭಾರತದಲ್ಲಿ ಪೆಟ್ರೋಲಿಗೆ ಶೇ. 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು 2025ರಲ್ಲಿ ತಲುಪಲಾಯಿತು. ಎಥೆನಾಲ್ ತೇವವನ್ನು ಹೀರುತ್ತದೆ. ಹಳೆಯ ರಬ್ಬರ್ ಭಾಗಗಳನ್ನು ಉಬ್ಬಿಸುತ್ತದೆ. ಆದ್ದರಿಂದ ಕಳೆದ ಹಂಗಾಮಿನ ಪೆಟ್ರೋಲ್ ಬಳಸಲೇಬಾರದು. ಎಣ್ಣೆಯ ಪ್ರಮಾಣವನ್ನು ಯಂತ್ರದ ಕೈಪಿಡಿಯಂತೆ ಬೆರೆಸಿ. 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿ.ಲೀ. ಟೂ-ಟಿ ಎಣ್ಣೆ ಬೇಕು.

2. ಗಾಳಿ ಶೋಧಕ ಮತ್ತು ಪ್ಲಗ್: ಧೂಳು ತುಂಬಿದ ಶೋಧಕವನ್ನು ತೊಳೆದು ಒಣಗಿಸಿ. ಪ್ಲಗ್ಗಿನ ತುದಿ ಕಂದು ಬಣ್ಣವಿದ್ದರೆ ಮಿಶ್ರಣ ಸರಿ. ಕಪ್ಪಾಗಿ ಒದ್ದೆಯಿದ್ದರೆ ಪೆಟ್ರೋಲ್ ಅಥವಾ ಎಣ್ಣೆ ಹೆಚ್ಚು. ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ. ಪ್ಲಗ್ಗಿನ ಅಂತರವನ್ನು 0.6ರಿಂದ 0.7 ಮಿ.ಮೀ.ಗೆ ಹೊಂದಿಸಿ. ಪಾಯಿಂಟ್ ಇರುವ ಹಳೆಯ ಯಂತ್ರವಾದರೆ ಪಾಯಿಂಟನ್ನೂ ಶುಚಿಗೊಳಿಸಿ.

3. ಚೋಕ್ ಪರೀಕ್ಷೆ: ಎಂಜಿನ್ ಬಿಸಿಯಾದ ಮೇಲೆ ಸನ್ನೆ ಇಳಿಸಿ, ಚೋಕನ್ನು ಅರ್ಧ ಎಳೆಯಿರಿ. ಆಗ ಎಂಜಿನ್ ನಿಲ್ಲದೆ ಓಡಿದರೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಗಾಳಿ ನುಸುಳುತ್ತಿದೆ ಎಂದರ್ಥ. 4 ಮತ್ತು 5ನೆಯ ಕ್ರಮಕ್ಕೆ ಹೋಗಿ. ಇನ್ನೂ ಬೇಗ ನಿಂತರೆ ಪೆಟ್ರೋಲ್ ಹೆಚ್ಚಾಗಿದೆ. ಕಾರ್ಬ್ಯುರೇಟರಿನ ಸೂಜಿ ಕವಾಟ ಸೋರುತ್ತಿದೆಯೇ ನೋಡಿ.

4. ಕಾರ್ಬ್ಯುರೇಟರ್: ಬಿಳಿ ಬಟ್ಟೆಯ ಮೇಲೆ ಬಿಚ್ಚಿ, ಪೈಲಟ್ ಜೆಟ್ಟನ್ನು ಶುದ್ಧ ಪೆಟ್ರೋಲಿನಲ್ಲಿ ನೆನೆಸಿ, ಪಂಪಿನಿಂದ ಊದಿ. ಬೆಳಕಿಗೆ ಹಿಡಿದರೆ ರಂಧ್ರ ದುಂಡಗೆ ಕಾಣಬೇಕು. ಉಕ್ಕಿನ ತಂತಿ ತೂರಿಸಬಾರದು; ರಂಧ್ರ ಹಿಗ್ಗಿದರೆ ಜೆಟ್ ಕೆಟ್ಟಂತೆಯೇ. ಫ್ಲೋಟ್ ಬದಲು ರಬ್ಬರ್ ಪೊರೆಯಿರುವ ಮಾದರಿಗಳಲ್ಲಿ ಪೊರೆ ಗಡುಸಾಗಿದ್ದರೆ ಬದಲಿಸಿ.

5. ಗಾಳಿ ಸೋರಿಕೆ: ಮೊದಲು ಕಾರ್ಬ್ಯುರೇಟರಿನ ಬೋಲ್ಟುಗಳನ್ನು ಬಿಗಿ ಮಾಡಿ. ಎಂಜಿನ್ ಓಡುತ್ತಿರುವಾಗ ಕಾರ್ಬ್ಯುರೇಟರ್ ಮತ್ತು ಸಿಲಿಂಡರ್ ಸೇರುವ ಜಾಗಕ್ಕೆ ದಪ್ಪ ಎಣ್ಣೆಯ ಹನಿ ಬಿಡಿ. ಓಟದ ಸದ್ದು ಬದಲಾದರೆ ಸೋರಿಕೆ ಅಲ್ಲಿಯೇ ಇದೆ, ಗ್ಯಾಸ್ಕೆಟ್ ಬದಲಿಸಿ. ಇದಕ್ಕೆ ಪೆಟ್ರೋಲ್ ಬಳಸಿದರೆ ಬೆಂಕಿ ಹತ್ತೀತು. ಇಲ್ಲಿ ಉದಾಸೀನ ಸಲ್ಲದು. ಈ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲಿಯೇ. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ದಾರ ಕಟ್ಟಿ ಜೋರಾಗಿ ಓಡಿಸುವವರ ಯಂತ್ರಗಳು ಹೀಗೆಯೇ ಕೆಡುತ್ತವೆ.

6. ಹೊಗೆ ಕೊಳವೆ: ಸೈಲೆನ್ಸರ್ ಬಾಯಲ್ಲಿ ಕಟ್ಟಿದ ಮಸಿಯನ್ನು ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ.

ಸ್ಕ್ರೂ ಹೊಂದಾಣಿಕೆ ಕೊನೆಗೆ

ಅನೇಕರು ಮೊದಲು ಸ್ಕ್ರೂ ತಿರುಗಿಸಿ ಗೊಂದಲ ಮಾಡಿಕೊಳ್ಳುತ್ತಾರೆ. ಮೇಲಿನದೆಲ್ಲ ಮುಗಿದ ಬಳಿಕ, ಮಿಶ್ರಣದ ಸ್ಕ್ರೂ ಮೊದಲಿದ್ದ ಸ್ಥಾನವನ್ನು ಗುರುತಿಸಿಕೊಳ್ಳಿ. ಎಂಜಿನ್ನನ್ನು ನಾಲ್ಕು ನಿಮಿಷ ಬಿಸಿ ಮಾಡಿ, ವೇಗದ ಸ್ಕ್ರೂವನ್ನು ತುಸು ಏರಿಸಿ. ಮಿಶ್ರಣದ ಸ್ಕ್ರೂವನ್ನು ಕಾಲು ಸುತ್ತಿನಂತೆ ಆಚೀಚೆ ತಿರುಗಿಸುತ್ತ ಓಟ ಅತಿ ಚುರುಕಾಗುವಲ್ಲಿ ನಿಲ್ಲಿಸಿ. ನಂತರ ವೇಗದ ಸ್ಕ್ರೂವನ್ನು ಮೆಲ್ಲಗೆ ಇಳಿಸಿ. ಹತ್ತು ಬಾರಿ ಸನ್ನೆ ಎತ್ತಿ ಬಿಟ್ಟರೂ ನಿಲ್ಲದಿದ್ದರೆ ಕೆಲಸ ಮುಗಿಯಿತು.

ಇಷ್ಟಾದರೂ ಸರಿಹೋಗದಿದ್ದರೆ, ಹಗ್ಗ ಎಳೆದಾಗ ಬಿಗಿತವೇ ಇಲ್ಲದಿದ್ದರೆ, ಪಿಸ್ಟನ್ ರಿಂಗು ಅಥವಾ ಕ್ರ್ಯಾಂಕಿನ ಆಯಿಲ್ ಸೀಲ್ ಸವೆದಿರುತ್ತದೆ. ಇದು ಮೆಕ್ಯಾನಿಕ್‌ನ ಕೆಲಸ. ಬಿಡಿಭಾಗಕ್ಕಾಗಿ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋಗುವಾಗ ಹಳೆಯ ಭಾಗವನ್ನೇ ಮಾದರಿಗೆ ಒಯ್ಯಿರಿ. ಬಾಯಿಮಾತಿನಲ್ಲಿ ಹೇಳಿ ತಂದ ಗ್ಯಾಸ್ಕೆಟ್ ಕೂಡದೆ ಮತ್ತೊಂದು ದಿನ ಹಾಳಾಗುತ್ತದೆ.

ಹಂಗಾಮು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರ್ ಒಣಗುವವರೆಗೆ ಎಂಜಿನ್ ಓಡಿಸಿ ಇಡಬೇಕು. ತೊಗರಿ ಮೊಗ್ಗೊಡೆಯುವ ಹದಿನೈದು ದಿನ ಮೊದಲೇ ಒಮ್ಮೆ ಓಡಿಸಿ ನೋಡಿದಲ್ಲಿ, ಹುಳು ಬಿದ್ದ ದಿನ ಯಂತ್ರ ಹೆಗಲೇರಲು ಸಿದ್ಧವಾಗಿರುತ್ತದೆ.