ಕಾಯುವ ಮನೆಗಳಲ್ಲಿ ಕಲಿತದ್ದು

ಹಿರೇಹಡಗಲಿ ಸುತ್ತಮುತ್ತ ಆಪ್ತಸಮಾಲೋಚಕನಾಗಿ ಓಡಾಡುವ ನಾನು ಯುದ್ಧಭೂಮಿ ಕಂಡವನಲ್ಲ. ಕಂಡದ್ದು ಕಾಯುವ ಮನೆಗಳನ್ನು. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ ಅಲ್ಲಿ ಡಾಕ್ಟರಿಕೆ ಓದುತ್ತಿದ್ದ ಮಕ್ಕಳ ಮನೆಗಳು. 2025ರ ಮೇ ತಿಂಗಳ ಭಾರತ-ಪಾಕಿಸ್ತಾನ ಸಂಘರ್ಷದಲ್ಲಿ ಸೈನಿಕರ ಮನೆಗಳು.

1. ಟಿವಿ ಆರಿಸಿ. ಮೊದಲ ಮದ್ದು ಇದೇ. 2013ರ ಬಾಸ್ಟನ್ ಬಾಂಬ್ ಸ್ಫೋಟದ ನಂತರ ಅಮೆರಿಕದಲ್ಲಿ ಒಂದು ಅಧ್ಯಯನ ನಡೆಯಿತು. ಮರುವಾರ ದಿನಕ್ಕೆ 6 ತಾಸು ಅಥವಾ ಅದಕ್ಕೂ ಹೆಚ್ಚು ಅದೇ ಸುದ್ದಿ ನೋಡಿದವರಲ್ಲಿ, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತ ಹೆಚ್ಚು ಒತ್ತಡ ಕಂಡುಬಂತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮನೆಯ ಒಬ್ಬರೇ ನೋಡಿ ಉಳಿದವರಿಗೆ ಹೇಳಲಿ. ಆ ಒಬ್ಬರು ತಾಯಿ ಆಗಿರಬಾರದು.

2. ಫೋನಿಗೆ ಹೊತ್ತು ಗೊತ್ತು ಮಾಡಿಕೊಳ್ಳಿ. ಚಳಿಗಾಲದಲ್ಲಿ ಉಕ್ರೇನ್ ನಮಗಿಂತ ಮೂರೂವರೆ ತಾಸು ಹಿಂದೆ. ಬಂಕರಿನಲ್ಲಿ, ಮೆಟ್ರೊ ನಿಲ್ದಾಣದಲ್ಲಿ ಕೂತ ಮಕ್ಕಳಿಗೆ ಫೋನಿನ ಚಾರ್ಜೇ ಜೀವ. ಇಲ್ಲಿಂದ ಗಳಿಗೆಗೊಮ್ಮೆ ವಿಡಿಯೊ ಕಾಲ್ ಮಾಡಿದರೆ ಅದೂ ಖಾಲಿ. 'ಉಂಡೆ, ಅದೀನಿ' ಎಂಬ ಒಂದು ಮೆಸೇಜು ಸಾಕು. ಸೈನಿಕರ ಮನೆಯವರಿಗೆ ಮಾತ್ರ ಬೇರೆ ಮಾತು: ಫೋನು ಬರದಿರುವುದೂ ಅವರ ಡ್ಯೂಟಿಯ ಭಾಗ, ಕೆಟ್ಟ ಸುದ್ದಿಯಲ್ಲ.

3. 'ಏನೂ ಆಗಂಗಿಲ್ಲ ಬಿಡವ್ವಾ' ಅನ್ನಬೇಡಿ. ಹೊಳೆ ಆಚೆ, ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ನವೀನ್ ಗ್ಯಾನಗೌಡರ 2022ರ ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ಊಟದ ಸಾಮಾನು ತರಲು ಹೊರಬಂದಾಗ ಶೆಲ್ ದಾಳಿಗೆ ಬಲಿಯಾದ. ಅಂದು ಶಿವರಾತ್ರಿ. ಆಮೇಲೆ ಆ ಸಮಾಧಾನದ ಮಾತು ಯಾವ ತಾಯಿಯ ಕಿವಿಗೂ ಇಳಿಯಲಿಲ್ಲ. ಗೊತ್ತಿದ್ದಷ್ಟೇ ಹೇಳಬೇಕು. ಆಗ ನಾನು ಹೇಳುತ್ತಿದ್ದದ್ದು: ಪೋಲೆಂಡ್, ಹಂಗೇರಿ, ರೊಮೇನಿಯಾದ ಗಡಿ ದಾಟಿದವರಿಗೆ ಸರ್ಕಾರದ 'ಆಪರೇಷನ್ ಗಂಗಾ' ವಿಮಾನಗಳಿವೆ, ಆದರೆ ಗಡಿಯವರೆಗಿನ ದಾರಿ ಕಷ್ಟದ್ದು. ನಿಜ ಹೇಳಿದರೆ ಅಳುತ್ತಾರೆ, ಆದರೆ ನಂಬುತ್ತಾರೆ.

4. ಕೆಲಸ ಬಿಡಿಸಬೇಡಿ. ಓಣಿಯವರು ಪ್ರೀತಿಯಿಂದ ಬುತ್ತಿ ತರುತ್ತಾರೆ. ಆದರೆ ಆಗ ರೊಟ್ಟಿ ಬಡಿಯುತ್ತಿದ್ದ ಕೈ ಸುಮ್ಮನಾಗುತ್ತದೆ, ತಲೆ ಕೆಟ್ಟದ್ದರತ್ತ ಓಡತೊಡಗುತ್ತದೆ.

5. ಕಾರ್ಣಿಕವನ್ನು ಅಲ್ಲಗಳೆಯಬೇಡಿ. ಭರತ ಹುಣ್ಣಿಮೆಯ ಮೈಲಾರ ಜಾತ್ರೆಯ ಭವಿಷ್ಯದ ನುಡಿಗೆ ಆ ವರ್ಷ ಜನ ಯುದ್ಧದ ಅರ್ಥ ಹಚ್ಚಿಕೊಂಡು ಕೂತರು. ನಾನು ವಾದಕ್ಕಿಳಿಯುವುದಿಲ್ಲ. 'ಅದನ್ನು ಕೇಳಿದಾಗ ನಿನಗೇನು ಅನಿಸಿತು?' ಅಂದರೆ ಹೆದರಿಕೆ ತಾನೇ ಮಾತಾಗುತ್ತದೆ.

6. ದುಃಖವನ್ನು ಕೆದಕಬೇಡಿ. ನವೀನನ ದೇಹ ಬೆಂಗಳೂರಿಗೆ ಬಂದದ್ದು ಮಾರ್ಚ್ 21ರಂದು. ಮುಖವನ್ನೂ ನೋಡದೆ ಅಷ್ಟು ದಿನ ಕಳೆಯುವುದೆಂದರೇನು! ಪೂಜೆ ಮುಗಿಸಿದ ಮನೆಯವರು ದೇಹವನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಡಾಕ್ಟರಾಗಲು ಹೋದವನ ಸಾವಿಗೆ ಅವರೇ ಒಂದು ಅರ್ಥ ಕೊಟ್ಟುಕೊಂಡರು. ಅದನ್ನು ಹೊರಗಿನವರು ಸೂಚಿಸಲಾಗದು, ಸೂಚಿಸಲೂಬಾರದು. ಇಂಥ ಮನೆಗೆ ಬಂದವರೆಲ್ಲ, ಕ್ಯಾಮೆರಾದವರೂ ಸೇರಿ, 'ಏನಾತು ಹೇಳ್ರಿ' ಅಂತ ಮತ್ತೆ ಮತ್ತೆ ಹೇಳಿಸುವುದು ಗಾಯಕ್ಕೆ ಕೈ ಹಾಕಿದಂತೆ. ಪಕ್ಕದಲ್ಲಿ ಕೂತಿರಿ, ನೀರು ಕೊಡಿ, ಅವರಾಗಿ ಮಾತಾಡಿದರೆ ಕೇಳಿ.

7. ತಿರುಗಿ ಬಂದವರನ್ನು ಮರೆಯಬೇಡಿ. ದೀಪಾವಳಿಯ ಪಟಾಕಿಗೆ ಬೆಚ್ಚಿ ಮೂಲೆ ಸೇರುವ ಹುಡುಗ ಹೇಡಿಯಲ್ಲ. ನಿದ್ದೆ ಬಾರದಿರುವುದು, ಕೆಟ್ಟ ಕನಸು, ಸಿಡುಕು ಒಂದು ತಿಂಗಳು ದಾಟಿಯೂ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಇದಕ್ಕೆ ನಾಚುವ ಊರು ನಮ್ಮದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಚಿಕಿತ್ಸೆ ಕೊಡುವ ಪ್ರಯೋಗ ಮಾಡಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ನಮ್ಮ ಹಡಗಲಿ ತಾಲ್ಲೂಕು ಆಗ ಅದೇ ಜಿಲ್ಲೆಯಲ್ಲಿತ್ತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಅದೇ ಮಾದರಿಯಲ್ಲಿ.

ಆಸ್ಪತ್ರೆ ತನಕ ಹೋಗಲಾಗದಿದ್ದರೆ ಟೆಲಿ ಮನಸ್ ಸಹಾಯವಾಣಿಯ ನಂಬರು 14416. ಹಗಲು ರಾತ್ರಿ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯ ಗೋಡೆಯ ಮೇಲೆ ಬರೆದಿಡಿ.